ಮಂಡಿ ಹಿಡಿದ ಕೈ

ನಂಬಿಸಿಯೇ ತೀರುತ್ತೇನೆಂಬ ಹಟ ನನಗಿಲ್ಲ. ಹಾರನಹಳ್ಳಿ ಕಡೆಯ ನಮ್ಮ ಮನೆತನದಲ್ಲಿ ಮೊದಲು ಶಾಲೆಯ ಮೆಟ್ಟಿಲು ಹತ್ತಿದವನು ನಾನು. ಬಿ.ಎಸ್ಸಿ. ಮುಗಿಸಿದವನೂ ನಾನೇ. ದೆವ್ವದ ಮಾತೆತ್ತಿದರೆ ನಗುತ್ತಿದ್ದವನು. ಆ ರಾತ್ರಿ ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ಮಹಾರಾಜರ ಕಾಲ, ಯುದ್ಧ ನಡೆಯುತ್ತಿತ್ತು. ಹುಣಸೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಎಕ್ಸ್‌ರೇ ಯಂತ್ರ ನೋಡಿಕೊಳ್ಳುವ ಕೆಲಸ ನನ್ನದು. ಊರಿನ ದೀಪಗಳೆಲ್ಲ ಆರಿದ ಮೇಲೆಯೇ ಅದಕ್ಕೆ ಸಾಕಾಗುವಷ್ಟು ಕರೆಂಟು ಸಿಗುತ್ತಿದ್ದದ್ದು. ಯಂತ್ರ ಓಡುವಾಗ ನಮ್ಮ ಕೋಣೆಯ ದೀಪವನ್ನೂ ಆರಿಸಬೇಕಿತ್ತು.

ಅಂದು ಮೇಜಿನ ಮೇಲೆ ಮಲಗಿದ್ದವನು ನಮ್ಮಣ್ಣ ನಿಂಗಯ್ಯ. ವೀರನಹೊಸಹಳ್ಳಿ ಕಾಡಿನಲ್ಲಿ ದಿಮ್ಮಿ ಹೊತ್ತು ನನ್ನನ್ನು ಓದಿಸಿದವನು. ಮಂಡಿ ಊದಿಕೊಂಡು ಸೋರೆ ಬುರುಡೆಯಾಗಿತ್ತು. ಮೂಳೆ ಕೊಳೆತಿದ್ದರೆ ಬೆಳಿಗ್ಗೆಯೇ ಕಾಲು ತೆಗೆಯುವುದು ಎಂದಿದ್ದರು ಡಾಕ್ಟರು.

"ಬೆನ್ ಮುರ್ಕಂಡ್ ಓದ್ಸಿವ್ನಿ. ನನ್ ಮೂಳೆ ಓದಕ್ಕಾದ್ರೂ ಬತ್ತದೇನ್ಲಾ ನಿಂಗೆ?" ಎಂದ ಅಣ್ಣ.

"ಅಲ್ಲಾಡ್ದೆ ಸುಮ್ನಿರಣ್ಣ." ದೀಪ ಆರಿಸಿ, ಸೀಸದ ತಗಡು ಹೊಡೆದ ಮರದ ಹಲಗೆಯ ಮರೆಗೆ ಹೋಗಿ ಸ್ವಿಚ್ಚು ಒತ್ತಿದೆ. ಗುಂಯ್... ಸುಟ್ಟ ಗಾಳಿಯ ವಾಸನೆ.

ಪಕ್ಕದ ಕತ್ತಲೆ ಕೋಣೆಯಲ್ಲಿ, ಕೆಂಪು ದೀಪದಡಿ ಫಿಲ್ಮು ತೊಳೆದೆ. ಔಷಧಿ ನೀರಿನ ಹುಳಿ ನಾತ. ಮೆಲ್ಲಗೆ ತೊಡೆಮೂಳೆ ಮೂಡಿತು... ಮಂಡಿಚಿಪ್ಪು... ಅದರ ಕೆಳಗೆ, ಕೊಳೆತ ಮೂಳೆಯ ಕಪ್ಪು ಗುಂಡಿ. ಅಣ್ಣನ ಕಾಲು ಹೋಯಿತು ಎಂದುಕೊಂಡೆ. ಆದರೆ ಚಿತ್ರ ಅಲ್ಲಿಗೇ ನಿಲ್ಲಲಿಲ್ಲ. ಗುಂಡಿಯ ಸುತ್ತ ಇನ್ನೇನೋ ಮೂಡತೊಡಗಿತು.

ಬೆರಳುಗಳು. ಐದು. ಬರೀ ಎಲುಬು. ಮಂಡಿಯನ್ನು ಬಿಗಿಯಾಗಿ ಹಿಡಿದಿದ್ದವು.

ಓಡಿ ಬಂದೆ. "ಅಣ್ಣ, ಮಂಡಿ ಮೇಲೆ ಕೈ ಇಟ್ಟಿದ್ಯಾ?"

"ಇಲ್ವಲ್ಲ. ನೀನೇ ಅಲ್ವಾ ಇಡ್ಕಂಡಿದ್ದು, ಕತ್ಲೇಲಿ? ಯಾಕ್ಲಾ ನಿನ್ ಕೈ ಅಷ್ಟ್ ತಣ್ಗಿತ್ತು?"

ನಾನು ಹಲಗೆಯ ಮರೆಯಿಂದ ಕದಲಿರಲೇ ಇಲ್ಲ.

ಉಳಿದಿದ್ದದ್ದು ಒಂದೇ ಫಿಲ್ಮು. ಅಣ್ಣನ ಎರಡೂ ಕೈಗಳನ್ನು ಎದೆಯ ಮೇಲಿಟ್ಟು ಟವಲಿನಿಂದ ಕಟ್ಟಿದೆ. ದೀಪ ಆರಿಸಿದೆ. ಬೆರಳು ಸ್ವಿಚ್ಚಿನ ಮೇಲಿತ್ತು, ಒತ್ತಲು ಆಗಲಿಲ್ಲ. ಕೋಣೆಯಲ್ಲಿ ಇದ್ದವರು ನಾವಿಬ್ಬರೇ. ಕೇಳುತ್ತಿದ್ದದ್ದು ಮೂರು ಉಸಿರು...

ಓದಿದ್ದೆಲ್ಲ ಎಲ್ಲಿ ಹೋಯಿತೋ. ಕತ್ತಲೆಗೆ ಕೈಮುಗಿದೆ. "ಯಾರಾದ್ರೂ ಆಗಿರಿ... ನಮ್ಮಣ್ಣನ್ನ ಬಿಟ್ಬಿಡಿ."

ಎಷ್ಟೋ ಹೊತ್ತಾದ ಮೇಲೆ ಅಣ್ಣ ಪಿಸುಗುಟ್ಟಿದ, "ಬುಡ್ತು ಕಣ್ಲಾ."

ಸ್ವಿಚ್ಚು ಒತ್ತಿದೆ.

ಎರಡನೆಯ ಫಿಲ್ಮಿನಲ್ಲಿ ಕೈ ಇರಲಿಲ್ಲ. ಕಪ್ಪು ಗುಂಡಿಯೂ ಇರಲಿಲ್ಲ. ಬೆಳಿಗ್ಗೆ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, "ಮೂಳೆ ಚೆನ್ನಾಗಿದೆಯಲ್ರೀ, ನೀರು ತುಂಬಿದೆ ಅಷ್ಟೆ," ಎಂದರು. ನೀರು ತೆಗೆದು ಪಟ್ಟಿ ಕಟ್ಟಿ ಮನೆಗೆ ಕಳಿಸಿದರು. ಮೊದಲನೆಯ ಫಿಲ್ಮನ್ನು ನಾನು ಯಾರಿಗೂ ತೋರಿಸಲಿಲ್ಲ.

ಅಣ್ಣ ಇಂದಿಗೂ ಎರಡೂ ಕಾಲಲ್ಲಿ ಗದ್ದೆಗೆ ಇಳಿಯುತ್ತಾನೆ. ನನಗೆ ಅಷ್ಟೇ ಸಾಕಿತ್ತು. ಆದರೆ ಬಿಟ್ಟುಬಿಡಿ ಎಂದು ಬೇಡಿಕೊಂಡ ನಾನು, ಬಿಟ್ಟು ಎಲ್ಲಿಗೆ ಹೋಗಬೇಕೆಂದು ಹೇಳಲಿಲ್ಲ.

ಆಮೇಲೆ ಅದೇ ಕೋಣೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದೆ. ಯಾರ ಫಿಲ್ಮು ತೊಳೆದರೂ ನಾನು ಮೊದಲು ಮೂಳೆ ನೋಡುತ್ತಿರಲಿಲ್ಲ... ಮೂಳೆಯ ಸುತ್ತ ನೋಡುತ್ತಿದ್ದೆ.