ಎರವಲು ಗಾಲಿಗಳು

ಅಪ್ಪನ ಶಾಲಾ ವ್ಯಾನಿಗೆ ಪ್ರತಿ ವರ್ಷ ಶಾಲೆ ತೆರೆಯುವ ಮುನ್ನ ಆರ್‌ಟಿಓ ಕಚೇರಿಯಲ್ಲಿ ಫಿಟ್ನೆಸ್ ತಪಾಸಣೆ ಆಗಬೇಕಿತ್ತು. ನಾನು ಎಂ.ಎ. ಮುಗಿಸಿದ ವರ್ಷ ಅವರ ಜೊತೆ ಹೋಗಿದ್ದೆ. ಅಪ್ಪ ಹಳದಿ ಬಣ್ಣ ಎದ್ದಲ್ಲೆಲ್ಲ ಮತ್ತೆ ಬಳಿದಿದ್ದರು, ಔಷಧಿ ಪೆಟ್ಟಿಗೆಗೆ ಹೊಸ ಹತ್ತಿ ತುಂಬಿದ್ದರು. ಟೈರುಗಳು ಮಾತ್ರ ಸವೆದು ನುಣ್ಣಗಾಗಿದ್ದವು. ಅದಕ್ಕೂ ಒಂದು ರೂಢಿಯಿತ್ತು. ಸಿಕಂದರಾಬಾದಿನ ನಮ್ಮ ಗಲ್ಲಿಯಲ್ಲಿ ವ್ಯಾನು ಓಡಿಸುವ ನಾಲ್ಕೈದು ಮನೆಯವರಿದ್ದರು, ಎಲ್ಲರೂ ಬೀದರ್ ಕಡೆಯವರು. ಯಾರ ಫಿಟ್ನೆಸ್ ಬಂದರೂ ಇನ್ನೊಬ್ಬರ ಒಳ್ಳೆಯ ಗಾಲಿಗಳನ್ನು ಬಿಚ್ಚಿ ತಂದು ಹಾಕುತ್ತಿದ್ದರು, ಮದುವೆಗೆ ಹೋಗುವಾಗ ಪಕ್ಕದ ಮನೆಯ ಸರ ಹಾಕಿಕೊಂಡ ಹಾಗೆ. ಅದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ.

ಆರ್‌ಟಿಓ ಮೈದಾನದಲ್ಲಿ ಇನ್‌ಸ್ಪೆಕ್ಟರು ಹಾರ್ನ್, ವೈಪರ್, ದೀಪ ನೋಡಿದರು. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚನ್ನು ದಾಖಲೆಯೊಂದಿಗೆ ಹೋಲಿಸಿದರು. ಓಡಿಸಿ ತಟ್ಟನೆ ನಿಲ್ಲಿಸಲು ಹೇಳಿದರು, ವ್ಯಾನು ನಿಂತಿತು. ಟೈರಿನ ಗೆರೆಗಳಲ್ಲಿ ಬೆರಳಿಟ್ಟು ನೋಡಿ ಪಾಸು ಮಾಡಿದರು. ಅಪ್ಪ ಆಗ ನನ್ನ ಕಡೆ ನೋಡಲಿಲ್ಲ. ನಾನೇ ಅವರ ಕಡೆ ನೋಡಲಿಲ್ಲವೋ ಏನೋ.

ಮರುದಿನ ಶಾಲೆ. ಫಿಟ್ನೆಸ್ ಆದ ದಿನವೇ ಸಂಜೆ ಎರವಲು ಗಾಲಿ ಬಿಚ್ಚುವಾಗ ನಾನು ಕೇಳಿದೆ: "ಅಪ್ಪಾ, ನಾಳಿ ಮಕ್ಕಳು ಯಾವ ಗಾಲಿ ಮ್ಯಾಲ ಹೋಗ್ತಾರ?"

ಅಪ್ಪ ಜಾಕ್ ತಿರುಗಿಸುತ್ತ, "ಎರಡು ತಿಂಗಳು ತಡಿ, ಹೊಸಾವು ಹಾಕಸ್ತೀನಿ," ಎಂದರು.

ವರ್ಷಗಟ್ಟಲೆ ನನಗೆ ನೆನಪಿದ್ದದ್ದು ಹೀಗೆ. ಅಪ್ಪ ತೀರಿಕೊಂಡ ಮೇಲೆ ಒಮ್ಮೆ ಇದನ್ನು ಹೇಳಿದಾಗ ಅವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ಕೇಳಿದಾಕಿ ನೀ ಅಲ್ಲ, ನಾ. ನೀ ಪಾನಾ ಹಿಡ್ಕೊಂಡು ನಟ್ ಬಿಚ್ಚಾಕತ್ತಿದ್ದಿ. 'ಲಗೂ ಮುಗಸ್ರಿ ಅಪ್ಪಾ, ನನ್ನ ಗೆಳತ್ಯಾರು ಬರ್ತಾರ' ಅಂತ ನಿನ್ನ ಗಡಿಬಿಡಿ ಬ್ಯಾರೆ."

ಅಂಗೈಗೆ ಹತ್ತಿದ ಗ್ರೀಸು, ನಟ್ಟು ಸಡಿಲಾದಾಗಿನ ಕಿರುಗುಟ್ಟುವಿಕೆ ನನಗೂ ನೆನಪಿದ್ದವು. ಅವನ್ನು ಎಲ್ಲಿ ಸೇರಿಸಬೇಕೆಂದು ಮಾತ್ರ ತಿಳಿದಿರಲಿಲ್ಲ. ಆ ಎರಡು ತಿಂಗಳು ಮಳೆಗಾಲ. ಮಕ್ಕಳೆಲ್ಲ ದಿನವೂ ಕ್ಷೇಮವಾಗಿ ಮನೆ ಸೇರಿದರು. ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನೂ ಇರಲಿಲ್ಲ.

ಇವತ್ತು ನನ್ನ ಮಗಳ ಶಾಲಾ ವ್ಯಾನು ಮೊದಲ ಸಲ ಮನೆ ಮುಂದೆ ಬಂತು. ನಿನ್ನೆಯಷ್ಟೇ ಫಿಟ್ನೆಸ್ ಆಗಿದೆ ಎಂದು ಡ್ರೈವರ್ ತೆಲುಗಿನಲ್ಲಿ ಹೇಳಿದ. ನಾನು ಬಗ್ಗಿ ಹಿಂದಿನ ಟೈರಿನ ಮೇಲೆ ಅಂಗೈಯಿಟ್ಟೆ. ಗೆರೆಗಳು ಆಳವಾಗಿದ್ದವು. ನಾಳೆಯೂ ಇವೇ ಗಾಲಿ ಇರುತ್ತವೆಯೇ ಎಂದು ಕೇಳಿದೆ. ಅವನು ಟೈರಿನ ಮೇಲಿದ್ದ ನನ್ನ ಕೈಯನ್ನೇ ನೋಡಿದ.

ಈ ಸಲ ಕೇಳಿದ್ದು ನಾನೇ. ಮಗಳು ಪಕ್ಕದಲ್ಲೇ ನಿಂತಿದ್ದಳು. ನಾಳೆ ಬೆಳಿಗ್ಗೆ ಅವಳನ್ನು ಹತ್ತಿಸುವ ಮೊದಲು ಮತ್ತೆ ಬಗ್ಗಿ ನೋಡಬೇಕು.