ಕಂಡಕ್ಟರಣ್ಣನ ಹೆಂಡತಿ ಪ್ರಾರ್ಥನೆ ಕಲಿತದ್ದು

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಮೇಲ್ವಿಚಾರಕನೂ ಹಾಗೆಯೇ ಕರೆಯುತ್ತಿದ್ದ. ಒಗೆದು ಹಿಂಡಿದ ಬಿಳಿ ಹೊದಿಕೆಗಳನ್ನು ಕಾದ ರೋಲರ್ ಯಂತ್ರದ ಬಾಯಿಗೆ ಕೊಡುವುದು, ಆಚೆಯಿಂದ ಗರಿಗರಿಯಾಗಿ ಹೊರಬಂದಾಗ ಹಿಡಿದು ಮಡಿಸುವುದು ಅವಳ ಕೆಲಸ. ಮಡಿಸಲು ಇಬ್ಬರು ಬೇಕು. ಅಕ್ಕನ ಜೊತೆಗಾತಿಗೆ ಸೈರನ್ ಎಂಬ ಅಡ್ಡಹೆಸರಿತ್ತು. ಯಂತ್ರಗಳೆಲ್ಲ ಒಟ್ಟಿಗೆ ಓಡುತ್ತಿದ್ದಾಗಲೂ ಅವಳ ಮಾತು ಆ ಗೋಡೆಯಿಂದ ಈ ಗೋಡೆಗೆ ಸಲೀಸಾಗಿ ಕೇಳುತ್ತಿತ್ತು. ಅಕ್ಕ ಮಾತಾಡುವವಳಲ್ಲ. ಸೈರನ್ ಇಬ್ಬರ ಪಾಲಿನದನ್ನೂ ತಾನೇ ಮಾತಾಡಿ ಮುಗಿಸುತ್ತಿದ್ದಳು.

ಮನೆಯಲ್ಲೂ ಅದೇ ಕತೆ. ಅಕ್ಕನ ಗಂಡ ಬಸ್ ಕಂಡಕ್ಟರ್. ಚರ್ಚಿನ ಸಭೆಯಲ್ಲಿ ಎಲ್ಲರಿಗೂ ಕಂಡಕ್ಟರಣ್ಣ. ಭಾನುವಾರ ಅವನು ಎದ್ದು ನಿಂತು ಪ್ರಾರ್ಥಿಸಿದರೆ ಮೈಕ್ ಬೇಕಿರಲಿಲ್ಲ. ಪರಲೋಕ ಎಲ್ಲೋ ಬಸ್ಸಿನ ಹಿಂದಿನ ಸೀಟಿನಲ್ಲಿದೆ, ಅಲ್ಲಿಯವರೆಗೂ ತಲುಪಬೇಕು ಎನ್ನುವ ಹಾಗೆ ಗಂಟಲು ತೆರೆಯುತ್ತಿದ್ದ. ರಾತ್ರಿ ಊಟವಾದ ಮೇಲೆ ತಟ್ಟೆ ತೊಳೆಯುವ ಮುನ್ನ ಅವನು ತನ್ನ ಕುರ್ಚಿಯಲ್ಲಿ ಕೂರುತ್ತಿದ್ದ, ಅವಳು ಎದುರಿಗೆ ಮಣೆ ಎಳೆದುಕೊಳ್ಳುತ್ತಿದ್ದಳು. ಡ್ರೈವರುಗಳು, ಕಾಯಿಲೆಯವರು, ಕೆಲಸ ಕಳೆದುಕೊಂಡವರು, ಮದುವೆಯಾಗಿ ದೂರ ಹೋದ ಮಗಳು, ಅಳಿಯ ಎಲ್ಲರೂ ಅವನ ಪ್ರಾರ್ಥನೆಯಲ್ಲಿ ಒಬ್ಬೊಬ್ಬರಾಗಿ ಹತ್ತಿ ಇಳಿಯುತ್ತಿದ್ದರು. ಕೊನೆಗೆ ಅವಳು ಆಮೆನ್ ಎನ್ನುತ್ತಿದ್ದಳು.

ಮದುವೆಯಾದ ಹೊಸತರಲ್ಲಿ ಅವನು, "ನೀನೂ ಎರಡು ಮಾತು ಹೇಳು" ಎಂದು ಒತ್ತಾಯಿಸಿದ್ದುಂಟು.

"ನೀವು ಹೇಳಿದ್ರಲ್ಲ, ನಂದೂ ಅದೇ" ಎಂದು ಅವಳು ತಪ್ಪಿಸಿಕೊಂಡಿದ್ದಳು. ಅವನು ನಕ್ಕು ಸುಮ್ಮನಾಗಿದ್ದ. ಬರಬರುತ್ತಾ ಕೇಳುವುದನ್ನೇ ಬಿಟ್ಟ.

ಒಂದು ಬೆಳಿಗ್ಗೆ ಅವನು ಡ್ಯೂಟಿಗೆ ಹೊರಟು ಬೂಟಿನ ದಾರ ಕಟ್ಟಲು ಬಗ್ಗಿದವನು ಹಾಗೆಯೇ ಮುಂದಕ್ಕೆ ಕುಸಿದ. ಅವಳು ಕೆಲಸ ಮಾಡುವ ಆಸ್ಪತ್ರೆಗೇ ತಂದರು. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಅವನ ಮುಖದ ಮೇಲೆ ಎಳೆದಿದ್ದ ಹೊದಿಕೆಯ ಮಡಿಕೆಯ ಗೆರೆಗಳನ್ನು ನೋಡುತ್ತಾ, ಇದು ನಾನೇ ಮಡಿಸಿದ್ದಿರಬಹುದು ಎಂದು ಅವಳಿಗೆ ಅನಿಸಿತು. ಆ ಹೊತ್ತಿನಲ್ಲಿ ಬೇರೆ ಏನೂ ಅನಿಸಲಿಲ್ಲ.

ಮಗಳು ಬಂದು ಕೆಲವು ವಾರ ಇದ್ದಳು. ತನ್ನ ಜೊತೆ ಬಂದುಬಿಡು ಎಂದು ಕರೆದಳು. "ಕೆಲಸ ಬಿಟ್ಟು ಬಂದು ನಿನ್ನ ಮನೆಯಲ್ಲಿ ಏನು ಮಾಡ್ಲಿ, ನಿನ್ನ ಗಂಡನ ಮುಖ ನೋಡ್ಕೊಂಡು ಕೂತ್ಕೊಳ್ಲಾ?" ಎಂದಳು ತಾಯಿ. ಮಗಳು ತನ್ನ ಶಾಲೆಯ ಕೆಲಸ, ಮಕ್ಕಳು ಎಂದು ಹೊರಟುಹೋದಳು.

ಆ ದಿನ ಊಟವಾದ ಮೇಲೆ ಅಕ್ಕ ಅಭ್ಯಾಸಬಲದಿಂದ ಮಣೆ ಎಳೆದು ಕೂತಳು. ಎದುರಿನ ಕುರ್ಚಿಯ ಹಿಡಿಕೆಯ ಮೇಲೆ ಅವನ ಮೊಣಕೈ ಸವೆಸಿದ ಜಾಗ ನುಣ್ಣಗೆ ಹೊಳೆಯುತ್ತಿತ್ತು. "ಕರ್ತನೇ" ಎಂದಳು. ಮುಂದಿನ ಮಾತು ತಾನಾಗಿ ಬಂತು: "ನಿನ್ನ ಸನ್ನಿಧಿಗೆ ನಾವು ಬಂದಿದ್ದೇವೆ." ಅದು ಅವನ ಮಾತು. ನಾವು ಯಾರು? ಬಂದಿರುವವಳು ಒಬ್ಬಳೇ. ಗಂಡನ ಯೂನಿಫಾರ್ಮ್ ತೊಟ್ಟು ಬಸ್ಸಿನಲ್ಲಿ ಟಿಕೆಟ್ ಹರಿಯಲು ನಿಂತವಳಂತೆ ಅವಳಿಗೆ ನಾಚಿಕೆಯಾಯಿತು. ಎದ್ದು ತಟ್ಟೆ ತೊಳೆದಳು. ಒಂದೇ ತಟ್ಟೆಯಾದ್ದರಿಂದ ಬೇಗ ಮುಗಿಯಿತು.

ಮರುದಿನವೂ ಅಷ್ಟೇ, ಆಮೇಲೂ ಅಷ್ಟೇ. ಕ್ರಮೇಣ ಮಣೆ ಗೋಡೆಗೆ ಒರಗಿತು. ಊಟದ ಹೊತ್ತಿಗೆ ರೇಡಿಯೋ ಹಾಕಿಕೊಳ್ಳತೊಡಗಿದಳು. ಏನು ಹೇಳುತ್ತಾರೆಂದು ಕೇಳುತ್ತಿರಲಿಲ್ಲ. ಮನೆಯಲ್ಲಿ ಯಾರಾದರೂ ಮಾತಾಡುತ್ತಿರಲಿ ಎಂದಷ್ಟೆ.

ಹೀಗಿರುವಾಗ ಸಭೆಯ ಹೆಂಗಸರ ಕೂಟದಲ್ಲಿ ಒಂದು ಪ್ರಸಂಗವಾಯಿತು. ಕೂಟ ನಡೆಸುವ ಹಿರಿಯಾಕೆ ಒಳ್ಳೆಯ ಮನಸ್ಸಿನಿಂದಲೇ, "ಇವತ್ತು ಕಂಡಕ್ಟರಣ್ಣನ ಮನೆಯವ್ರು ಪ್ರಾರ್ಥನೆ ಮಾಡ್ತಾರೆ. ಅಂಥ ಪ್ರಾರ್ಥನಾವೀರನ ಜೊತೆ ಅಷ್ಟು ವರ್ಷ ಬಾಳಿದವ್ರು" ಎಂದುಬಿಟ್ಟರು. ಎಲ್ಲರೂ ತಲೆ ಬಗ್ಗಿಸಿದರು. ಅಕ್ಕ ಎದ್ದು ನಿಂತಳು. ಫ್ಯಾನು ತಿರುಗುವ ಸದ್ದು ಕೇಳಿಸುತ್ತಿತ್ತು. ಯಾರೋ ಕೆಮ್ಮಿದರು. ಅವಳು ಬಹಳ ಹೊತ್ತು ನಿಂತು, ಕೊನೆಗೆ "ಆಮೆನ್" ಎಂದು ಕೂತುಬಿಟ್ಟಳು. ಹಿಂದಿನ ಸಾಲಿನ ಹುಡುಗಿಯೊಬ್ಬಳು ತಡೆಯಲಾರದೆ ಕಿಸಕ್ಕೆಂದಳು. ಕೆಟ್ಟ ನಗೆಯೇನಲ್ಲ. ಆದರೂ ಅಕ್ಕ ಆಮೇಲೆ ಆ ಕೂಟದ ಕಡೆ ತಲೆ ಹಾಕಲಿಲ್ಲ. ಭಾನುವಾರವೂ ಬಾಗಿಲ ಹತ್ತಿರ ಕೂತು, ಕೊನೆಯ ಹಾಡು ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದಳು.

ಪಾಸ್ಟರ್ ಇದನ್ನು ಗಮನಿಸಿ ಒಂದು ಸಂಜೆ ಮನೆಗೆ ಬಂದರು. ವಯಸ್ಸಿನಲ್ಲಿ ಅವಳ ಮಗಳಷ್ಟೇ ಚಿಕ್ಕವರು. ಕಂಡಕ್ಟರಣ್ಣನ ಕುರ್ಚಿಯಲ್ಲಿ ಕೂರಲು ಹೋಗಿ, ಅವಳ ಮುಖ ನೋಡಿ, ಕಿಟಕಿಯ ಕಟ್ಟೆಯ ಮೇಲೆ ಕೂತರು. ಚಹಾ ಅರ್ಧ ಕುಡಿದಾದ ಮೇಲೆ ಅಕ್ಕ ತಾನಾಗಿಯೇ ಹೇಳಿದಳು:

"ನಂಗೆ ಪ್ರಾರ್ಥನೆ ಬರಲ್ಲ ಪಾಸ್ಟರೇ. ಇಷ್ಟು ವರ್ಷ ಅವ್ರೇ ಮಾಡ್ತಿದ್ರು, ನಾನು ಜೊತೆಗಿದ್ದೆ. ಈಗ ನೋಡಿದ್ರೆ ನನ್ನ ಹತ್ರ ಒಂದು ಮಾತೂ ಇಲ್ಲ."

ಪಾಸ್ಟರ್ ಬೋಧನೆಗೆ ಇಳಿಯಲಿಲ್ಲ. "ನಂಗೂ ಎಷ್ಟೋ ದಿನ ಒಣಗಿ ಹೋಗಿರುತ್ತೆ" ಎಂದರು. "ಒಂದು ಹೊತ್ತು ಅಂತ ಇಟ್ಕೊಳ್ಳಿ. ಆ ಹೊತ್ತಿಗೆ ಹೋಗಿ ಕೂತ್ಕೊಳ್ಳಿ. ಮಾತು ಬಂದ್ರೆ ಆಡಿ, ಬರದಿದ್ರೆ ಬಿಡಿ. ಕರ್ತನು ಕಲಿಸಿದ ಪ್ರಾರ್ಥನೆ ಬಾಯಿಪಾಠ ಇದೆಯಲ್ಲ, ಅದನ್ನೇ ನಿಧಾನವಾಗಿ ಹೇಳ್ಕೊಂಡು ಹೋಗಿ. ಎಲ್ಲಿ ತೊಡಕುತ್ತೋ ಅಲ್ಲೇ ನಿಂತ್ಕೊಳ್ಳಿ."

"ಅಷ್ಟೇ ಸಾಕಾ?"

"ಸಾಕೋ ಇಲ್ವೋ, ಶುರು ಮಾಡೋಕೆ ಅಡ್ಡಿಯಿಲ್ಲ."

ರಾತ್ರಿ ಅವನ ಹೊತ್ತು. ಅದಕ್ಕೇ ಅವಳು ಬೆಳಗನ್ನು ಆರಿಸಿಕೊಂಡಳು, ಕೆಲಸಕ್ಕೆ ಹೊರಡುವ ಮುಂಚೆ, ಅಡುಗೆಮನೆಯ ಮೇಜಿನ ಪಕ್ಕದಲ್ಲಿ. ಮೊದಲ ದಿನಗಳ ಪಾಡು ಹೇಳತೀರದು. ಕಣ್ಣು ಮುಚ್ಚಿದರೆ ತೂಕಡಿಕೆ, ತೆರೆದರೆ ಸಿಂಕಿನಲ್ಲಿರುವ ಪಾತ್ರೆ. ಕೆಲವು ದಿನ ಮರೆತೇಹೋಗುತ್ತಿತ್ತು. ಕೆಲವು ದಿನ ನೆನಪಿದ್ದೂ ಬೇಕೆಂದೇ ಕೂರುತ್ತಿರಲಿಲ್ಲ. ಬಿಟ್ಟ ಮರುದಿನ ಕೂರುವುದು ಇನ್ನೂ ಕಷ್ಟ. ರಜೆ ಕೇಳದೆ ಮನೆಯಲ್ಲಿ ಉಳಿದು ಆಮೇಲೆ ಮೇಲ್ವಿಚಾರಕನ ಎದುರು ನಿಂತ ಹಾಗೆ. ಬೈಗುಳ ಕಾದು ಕೂರುತ್ತಿದ್ದಳು. ಯಾರೂ ಬೈಯುತ್ತಿರಲಿಲ್ಲ. ಯಾರೂ ಏನೂ ಹೇಳುತ್ತಿರಲಿಲ್ಲ. ಅವಳಿಗೆ ಅದರಿಂದಲೇ ಹೆಚ್ಚು ನೋವಾಗುತ್ತಿತ್ತು.

ಬಾಯಿಪಾಠದ ಪ್ರಾರ್ಥನೆಯಲ್ಲಿ ಅವಳು ಮೊದಲ ಸಾಲಿನಲ್ಲೇ ತೊಡಕಿದಳು. "ಪರಲೋಕದಲ್ಲಿರುವ ನಮ್ಮ ತಂದೆಯೇ" ಎನ್ನುವ ಅಲ್ಲಿ "ನಮ್ಮ" ಎಂದಿದೆ. ಪಾಸ್ಟರ್ ಹೇಳಿದಂತೆ ಅವಳು ಅಲ್ಲೇ ನಿಂತಳು, ಎಷ್ಟೋ ಬೆಳಗು. ಒಂದು ದಿನ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದೇಬಿಟ್ಟಿತು. "ನಮ್ಮ ಅಂತ ಹೇಳಿಸ್ತೀಯಲ್ಲ, ಇಲ್ಲಿ ಯಾರಿದ್ದಾರೆ? ಇದ್ದ ಒಬ್ಬರನ್ನ ಕರ್ಕೊಂಡೆ. ಅವ್ರು ನಿನ್ನ ಹತ್ರ ಅಷ್ಟು ಮಾತಾಡ್ತಿದ್ರಲ್ಲ, ಹೋಗ್ಲಿ ಅಂತ ಇನ್ನೊಂದಿಷ್ಟು ದಿನ ಬಿಡೋಕಾಗ್ಲಿಲ್ವಾ?" ಹೇಳಿದ ಮೇಲೆ ಹೆದರಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಅತ್ತಳು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಬಸ್ಸು ತಪ್ಪಿತು, ಕೆಲಸಕ್ಕೆ ತಡವಾಯಿತು, ಮುಖ ಊದಿತ್ತು. ಸೈರನ್ ನೋಡಿ, "ಏನೇ ಅಕ್ಕ, ಹಲ್ಲುನೋವಾ?" ಎಂದಳು. ಅಕ್ಕ ಹೂಂ ಎಂದಳು.

ಆ ಜಗಳ ಅವಳ ಸ್ವಂತದ್ದಾಗಿತ್ತು. ಕಂಡಕ್ಟರಣ್ಣನ ಬಾಯಿಂದ ಅಂಥ ಮಾತು ಎಂದೂ ಬಂದಿರಲಿಲ್ಲ. ಅಂದಿನಿಂದ ಅವಳು ಬೆಳಗ್ಗೆ ಕೂತಾಗ ಇದ್ದದ್ದನ್ನು ಇದ್ದ ಹಾಗೆ ಹೇಳತೊಡಗಿದಳು. ನಂಗೆ ಬೇಜಾರಾಗಿದೆ. ಮೊಣಕಾಲು ನೋಯ್ತಿದೆ. ಭಾನುವಾರ ಮಧ್ಯಾಹ್ನ ಕಳೆಯೋದೇ ಇಲ್ಲ. ಒಂದೊಂದು ಸಾಲು, ನಡುವೆ ಉದ್ದದ ಮೌನ. "ನಮ್ಮ" ಎನ್ನುವಲ್ಲಿ ಬೇರೆಯವರನ್ನೂ ಕೂರಿಸಿಕೊಳ್ಳತೊಡಗಿದಳು. ತಾನು ಮಡಿಸಿದ ಹೊದಿಕೆಗಳ ಮೇಲೆ ಮಲಗುವವರನ್ನು ಅವಳು ಕಂಡಿರಲಿಲ್ಲ. ಹಾಗೆಂದು ಅವರು ಇಲ್ಲವೆನ್ನಲಾಗುತ್ತದೆಯೇ?

ಆ ವರ್ಷದ ಕೊನೆಯಲ್ಲಿ ಸೈರನ್‌ಳ ತಮ್ಮ ಕಾಯಿಲೆ ಬಿದ್ದು ಅದೇ ಆಸ್ಪತ್ರೆಯ ಮೇಲಿನ ಅಂತಸ್ತಿಗೆ ಸೇರಿದ. ಮನೆಗಳಿಗೆ ಬಣ್ಣ ಬಳಿಯುವವನು. ಅವನೂ ಸೈರನ್ನೂ ಮದುವೆಯಾಗದೆ ಒಂದೇ ಸೂರಿನಡಿ ಕಚ್ಚಾಡಿಕೊಂಡು ಇದ್ದವರು. ಮೂತ್ರಪಿಂಡ ಕೈಕೊಟ್ಟಿತ್ತು. ಲಾಂಡ್ರಿಯಲ್ಲಿ ಸೈರನ್ ಮಾತು ಕಡಿಮೆಯಾಯಿತು. ಒಂದು ದಿನ ಹೊದಿಕೆಯ ಎರಡು ತುದಿ ಹಿಡಿದು ನಿಂತವಳು ಹೇಳಿದಳು:

"ನಂಗೆ ದೇವರು ಗೀವರು ಆಗಿಬರಲ್ಲ, ನಿಂಗೆ ಗೊತ್ತು. ನೀನು ಮಾಡ್ತೀಯಲ್ಲ. ಅವನಿಗೆ ಒಂದು ಮಾಡು."

"ಬೆಳಿಗ್ಗೆ ಮಾಡ್ತೀನಿ."

"ಬೆಳಿಗ್ಗೆ ಬೇಡ. ಇಲ್ಲೇ ಮಾಡು, ನಂಗೆ ಕೇಳೋ ಹಾಗೆ."

ಹೆಂಗಸರ ಕೂಟದ ಫ್ಯಾನಿನ ಸದ್ದು ಅಕ್ಕನ ಕಿವಿಯಲ್ಲಿ ತಿರುಗಿತು. ಆದರೆ ಇಲ್ಲಿ ಯಂತ್ರಗಳ ಗದ್ದಲ. ಎದುರಿಗಿದ್ದವಳ ಮುಖ ನೋಡಿದರೆ ಇಲ್ಲವೆನ್ನಲು ಬಾಯಿ ಬರುವಂತಿರಲಿಲ್ಲ. ಹೊದಿಕೆ ಹಿಡಿದುಕೊಂಡೇ ಅಕ್ಕ ಗಟ್ಟಿಯಾಗಿ ಹೇಳಿದಳು: "ಕರ್ತನೇ, ಇವಳ ತಮ್ಮ ಮೇಲೆ ಮಲಗಿದ್ದಾನೆ. ಇವಳಿಗೆ ಅವನು ಬಿಟ್ರೆ ಯಾರೂ ಇಲ್ಲ. ಅವನನ್ನ ಉಳಿಸ್ಕೊಡು. ಬೇರೆ ಏನು ಹೇಳ್ಬೇಕೋ ನಂಗೆ ಗೊತ್ತಿಲ್ಲ."

"ಆಯ್ತಾ?"

"ಆಯ್ತು."

"ಸರಿ, ಎತ್ತಿ ಹಿಡಿ. ನೆಲಕ್ಕೆ ತಾಗ್ತಿದೆ."

ತಮ್ಮ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಸೈರನ್ ಮೇಲ್ವಿಚಾರಕನಿಗೆ ಹೇಳಿ ಬೇರೆ ಯಂತ್ರಕ್ಕೆ ಬದಲಾದಳು. ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದಳು. ಅಕ್ಕನಿಗೆ ಜೊತೆಯಾದ ಹೊಸ ಹೆಂಗಸು ಇಡೀ ದಿನ ಕಿವಿಗೆ ಹಾಡು ಸಿಕ್ಕಿಸಿಕೊಂಡೇ ಇರುತ್ತಿದ್ದಳು. ಮನೆಯಲ್ಲಿ ರೇಡಿಯೋ, ಇಲ್ಲಿ ಯಂತ್ರ. ಇಡೀ ವಾರದಲ್ಲಿ ಅಕ್ಕನ ಜೊತೆ ನೆಟ್ಟಗೆ ಮಾತಾಡುವವಳೆಂದರೆ ಫೋನಿನಲ್ಲಿ ಮಗಳು ಒಬ್ಬಳೇ.

ಆ ತಿಂಗಳುಗಳಷ್ಟು ಕೆಟ್ಟ ಕಾಲ ಅವಳಿಗೆ ಬೇರೆ ಬರಲಿಲ್ಲ. ಬೆಳಗ್ಗೆ ಕೂತರೆ, ಕೇಳಿ ಏನು ಬಂತು ಎಂಬ ಪ್ರಶ್ನೆ ಎದುರಿಗೆ ಕೂರುತ್ತಿತ್ತು. ಜಗಳವಾಡಲೂ ಮನಸ್ಸಿರಲಿಲ್ಲ. ಆದರೂ ಕೂರುವುದನ್ನು ಬಿಡಲಿಲ್ಲ. ಮೊದಮೊದಲು ಬಿಟ್ಟಿದ್ದವಳು ಈಗ ಮಾತ್ರ ಬಿಡಲಿಲ್ಲ. ಏಕೆಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಎದ್ದು ಹೋಗಲು ಬೇರೆ ಯಾವ ಜಾಗವೂ ಇರಲಿಲ್ಲ ಎನ್ನುವುದೇ ನಿಜವಿರಬಹುದು. ದಿನಾ ಸೈರನ್‌ಳ ಹೆಸರು ಒಮ್ಮೆ ಹೇಳುತ್ತಿದ್ದಳು. ಅದರ ಹಿಂದೆ ಮುಂದೆ ಏನೂ ಸೇರಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ಲಾರಿಗಳಿಗೆ ಬಟ್ಟೆಮೂಟೆ ಏರಿಸುವ ಇಳಿಜಾರಿನ ಹತ್ತಿರ ಬಿಸಿಲಿಗೆ ಕೂತು ಬ್ರೆಡ್ಡು ತಿನ್ನುತ್ತಿದ್ದಾಗ ಸೈರನ್ ಬಂದು ಒಂದು ಮಾರು ದೂರದಲ್ಲಿ ಕೂತಳು.

"ನೀನು ಮಾಡಿದ್ರಿಂದ ಏನೂ ಆಗ್ಲಿಲ್ಲ."

"ಹೌದು."

"ಈಗ್ಲೂ ಮಾಡ್ತಿದ್ದೀಯಾ?"

"ಮಾಡ್ತೀನಿ. ನಿನ್ನ ಹೆಸರೂ ಹೇಳ್ತೀನಿ."

"ನಾನು ನಿನ್ನ ಮುಖ ಕೂಡ ನೋಡ್ತಿರಲಿಲ್ಲ, ನನ್ನ ಹೆಸರು ಯಾಕೆ?"

"ನಿನ್ನ ಹತ್ರ ಮಾತಾಡೋಕೆ ನೀನು ಬಿಡ್ಲಿಲ್ಲ. ನಿನ್ನ ವಿಷಯ ಮಾತಾಡೋಕಾದ್ರೂ ಯಾರಾದ್ರೂ ಬೇಕಲ್ಲ" ಎಂದಳು ಅಕ್ಕ.

ಸೈರನ್ ಸ್ವಲ್ಪ ಹತ್ತಿರ ಸರಿದು ಕೂತಳು. "ಅವನ ಬಟ್ಟೆಗಳು ಹಾಗೇ ಬಿದ್ದಿವೆ. ಒಬ್ಬಳ ಕೈಲಿ ಆಗ್ತಿಲ್ಲ. ಭಾನುವಾರ ಬರ್ತೀಯಾ?" ಎಂದಳು.

ಅಕ್ಕ ಹೋದಳು. ಬಣ್ಣ ಸಿಡಿದ ಅಂಗಿಗಳನ್ನು ಒಂದು ಕಡೆ, ಒಳ್ಳೆಯವನ್ನು ಇನ್ನೊಂದು ಕಡೆ ಮಾಡಿ ಇಬ್ಬರೂ ಮಡಿಸಿದರು. ಸೈರನ್ ಸಭೆಗೆ ಬರಲಿಲ್ಲ, ಪ್ರಾರ್ಥಿಸಲೂ ಇಲ್ಲ. "ನನ್ನನ್ನ ಅಲ್ಲಿಗೆಲ್ಲ ಎಳೀಬೇಡ" ಎಂದು ಮೊದಲೇ ಹೇಳಿದ್ದಳು. ಅಕ್ಕನೂ ಎಳೆಯಲಿಲ್ಲ. ಕೆಲವು ಭಾನುವಾರಗಳು ಹಾಗೆ ಜೊತೆಯಲ್ಲಿ ಕಳೆದವು. ಮುಂದಿನ ವರ್ಷ ಸೈರನ್ ಬೇರೆ ಊರಿನ ಹೋಟೆಲೊಂದರಲ್ಲಿ ಕೆಲಸ ಹಿಡಿದು ಹೊರಟುಹೋದಳು. ಆ ಮನೆಯಲ್ಲಿ ಇರಲಾಗುತ್ತಿಲ್ಲ ಎಂದಳು. ಅಕ್ಕನಿಗೆ ಅದು ಅರ್ಥವಾಯಿತು. ನಿಲ್ಲು ಎನ್ನಲಿಲ್ಲ. ಭಾನುವಾರದ ಮಧ್ಯಾಹ್ನಗಳು ಮತ್ತೆ ಉದ್ದವಾದವು.

ಮಗಳು ರಜೆಗೆ ಬಂದಿದ್ದಾಗ ಒಂದು ಬೆಳಿಗ್ಗೆ ಅಡುಗೆಮನೆಯಿಂದ ತಾಯಿಯ ಧ್ವನಿ ಕೇಳಿ ಎಚ್ಚರಗೊಂಡಳು. ಫೋನಿನಲ್ಲಿ ಯಾರ ಜೊತೆಯೋ ಮಾತಾಡುತ್ತಿದ್ದಾಳೆ ಎಂದುಕೊಂಡಳು. ತನಗೆ ಗೊತ್ತಿಲ್ಲದ ಹೆಸರುಗಳು, ಯಾರದೋ ಕಾಲಿನ ಗಾಯ, ಯಾರದೋ ಪರೀಕ್ಷೆ, ತನ್ನ ಮಕ್ಕಳು, ನಡುವೆ ಬಹಳ ಹೊತ್ತು ಏನೂ ಇಲ್ಲ. ಚಹಾದ ಹೊತ್ತಿಗೆ ಕೇಳಿದಳು: "ಅಮ್ಮ, ಒಬ್ಬಳೇ ಅನ್ಸಲ್ವಾ ನಿಂಗೆ?"

"ಅನ್ಸುತ್ತೆ."

"ಪ್ರಾರ್ಥನೆ ಆದ್ಮೇಲೂ?"

"ಆದ್ಮೇಲೂ ಅನ್ಸುತ್ತೆ. ಕೆಲವು ದಿನ ಇನ್ನೂ ಜಾಸ್ತಿ." ಅವಳು ಲೋಟ ತಿರುಗಿಸುತ್ತಾ ಯೋಚಿಸಿದಳು. "ಆದ್ರೆ ಹಾಗನ್ಸುತ್ತೆ ಅಂತ ಹೇಳ್ಕೊಳ್ಳೋಕೆ ಒಬ್ಬನಿದ್ದಾನೆ. ತಿರುಗಿ ಮಾತಾಡಲ್ಲ, ಅದೊಂದು ಕಷ್ಟ. ಎದ್ದೂ ಹೋಗಲ್ಲ."

ತಾಯಿ ಲೋಟ ತೊಳೆದು ಮಗುಚಿಟ್ಟು, ಚೀಲ ಹೆಗಲಿಗೇರಿಸಿ, "ಬಾಗಿಲು ಹಾಕ್ಕೊಂಡು ಇನ್ನೊಂದು ಚೂರು ಮಲ್ಕೋ, ನೀರು ಹತ್ತು ಗಂಟೆಗೆ ನಿಲ್ಲುತ್ತೆ" ಎಂದು ಹೇಳಿ ಮೆಟ್ಟಿಲಿಳಿದು ಬಸ್ಸಿಗೆ ಹೋದಳು.