ಅವ್ವ ಅಂದದ್ದು, ನಾನು ಹೇಳಿದ್ದು

ಅತ್ತಿಗೆ, ಅಂದು ನಿಮ್ಮನ್ನು ತವರಿಗೆ ಹೋಗದಂತೆ ತಡೆದದ್ದು ಅವ್ವ ಅಲ್ಲ, ನಾನು. ಅದೂ ಒಂದಕ್ಷರ ಸುಳ್ಳು ಹೇಳದೆ — ಅವ್ವನ ಮಾತನ್ನೇ ಕನ್ನಡಕ್ಕೆ ತಿರುಗಿಸಿ.

ನೀವು ಚಳ್ಳಕೆರೆಯಿಂದ ನಮ್ಮ ಕೊಂಡ್ಲಹಳ್ಳಿಗೆ ಸೊಸೆಯಾಗಿ ಬಂದಾಗ ನಿಮಗೆ ತೆಲುಗು ಬರುತ್ತಿರಲಿಲ್ಲ. ರಾಯದುರ್ಗದ ಕಡೆಯವಳಾದ ಅವ್ವನಿಗೆ ಕನ್ನಡ ಅಷ್ಟಕ್ಕಷ್ಟೆ. ನಡುವೆ ನಾನು, ಪಿಯುಸಿ ಓದುತ್ತಿದ್ದ ನಾದಿನಿ. ಈ ಸಾರು ಇಟ್ಟರೆ ಎಮ್ಮೆಯೂ ಮುಖ ತಿರುಗಿಸುತ್ತದೆ ಎಂದು ಅವ್ವ ತೆಲುಗಿನಲ್ಲಿ ಗೊಣಗಿದರೆ, ನಾನು ನಿಮಗೆ, "ಸ್ವಲ್ಪ ಖಾರ ಕಮ್ಮಿ ಐತಂತೆ ಅತ್ತಿಗೆ" ಅನ್ನುತ್ತಿದ್ದೆ.

"ಅಷ್ಟುದ್ದ ಮಾತಾಡಿದ್ರಲ್ಲ, ಇಷ್ಟೇನಾ?" ಎಂದು ನೀವು ಕಣ್ಣರಳಿಸುತ್ತಿದ್ದಿರಿ. ನಾನು ಬಾಯಿಗೆ ಕೈ ಅಡ್ಡ ಹಿಡಿದು ಹಿತ್ತಲಿಗೆ ಓಡುತ್ತಿದ್ದೆ. ಒಂದೇ ಮಾತನ್ನು ಬೇರೆ ಪದಗಳಲ್ಲಿ ಹೇಳಿದರೆ ಮನೆ ತಣ್ಣಗಿರುತ್ತದೆ ಎಂಬುದು ನನಗೆ ಹಾಗೇ ತಿಳಿದುಹೋಗಿತ್ತು. ಎಷ್ಟು ಚೆಂದದ ದಿನಗಳವು! ನಾನಿಲ್ಲದೆ ನಿಮ್ಮಿಬ್ಬರ ಮಾತು ಸಾಗದು ಎಂಬ ಜಂಬವೂ ಇತ್ತು — ಅದನ್ನೂ ಒಪ್ಪಿಕೊಳ್ಳುತ್ತೇನೆ.

ಆ ದಿನ ಬಸ್ಸಿಳಿದು ಬಂದ ನಿಮ್ಮ ಕಡೆಯವರೊಬ್ಬರು, ನಿಮ್ಮಪ್ಪನಿಗೆ ಹುಷಾರಿಲ್ಲ, ಮಗಳನ್ನು ನೋಡಬೇಕು ಅನ್ನುತ್ತಿದ್ದಾರೆ ಎಂದು ಹೇಳಿ ಹೋದರು. ಅಣ್ಣ ಬಳ್ಳಾರಿಗೆ ಹೋಗಿದ್ದ. "ಅತ್ತೇನ ಒಂದ್ಮಾತು ಕೇಳಮ್ಮ, ಹೋಗಿ ಬರ್ತೀನಿ" ಎಂದಿರಿ. ಹಿತ್ತಲಲ್ಲಿ ಶೇಂಗಾ ಬಿಡಿಸುತ್ತಿದ್ದ ಅವ್ವನನ್ನು ಕೇಳಿದೆ. ಅವ್ವ ತಲೆಯೆತ್ತದೆ "ಪೋನೀ" ಎಂದಳು. ಹೋಗಲಿ, ಹೋಗಿ ಬರಲಿ ಎಂದು.

ಆದರೆ ಮರುದಿನ ಮೊಳಕಾಲ್ಮುರಿನಲ್ಲಿ ನನ್ನ ಗೆಳತಿಯ ಮದುವೆ. ನೀವು ಜೊತೆಗಿದ್ದರೆ ಮಾತ್ರ ಅವ್ವ ನನ್ನನ್ನು ಕಳಿಸುತ್ತಿದ್ದಳು. ನಿಮ್ಮ ರೇಷ್ಮೆ ಸೀರೆಯನ್ನು ನನಗೆ ಉಡಿಸುತ್ತೇನೆಂದು ಬೇರೆ ಹೇಳಿದ್ದಿರಿ — ಹಿತ್ತಲಿಂದ ನಡುಮನೆಗೆ ಬರುವಷ್ಟರಲ್ಲಿ ನನ್ನ ಮನಸ್ಸು ಕೆಟ್ಟಿತು.

"ಹೋಗ್ಲಿ ಬಿಡು ಅಂದ್ಳು ಅವ್ವ" ಎಂದೆ.

'ಪೋನೀ' ಎಂಬುದಕ್ಕೆ ಇದಕ್ಕಿಂತ ಸರಿಯಾದ ಕನ್ನಡ ಸಿಗಲಿಕ್ಕಿಲ್ಲ. ಕಳಿಸಿಕೊಡುವಾಗಲೂ ಹೋಗ್ಲಿ ಬಿಡು ಅನ್ನುತ್ತೇವೆ, ಆ ಮಾತೇ ಬೇಡ ಎನ್ನುವಾಗಲೂ ಅದನ್ನೇ ಅನ್ನುತ್ತೇವೆ. ನಾನು ಮುಖ ಸಪ್ಪಗೆ ಮಾಡಿಕೊಂಡು ಹೇಳಿದೆ. ನೀವು ಬೇಡ ಎಂದೇ ತಿಳಿದಿರಿ. ಹಾಗೆ ತಿಳಿಯಲಿ ಎಂದೇ ನಾನು ಹಾಗೆ ಹೇಳಿದ್ದು.

ಮದುವೆಗೆ ಹೋದೆವು. ನೀವು ಊಟ ಮಾಡಲಿಲ್ಲ. ನಾನು ನೋಡಿಯೂ ನೋಡದವಳಂತೆ ಕುಳಿತಿದ್ದೆ. ವಾರದೊಳಗೆ ನಿಮ್ಮಪ್ಪನಿಗೆ ಲಕ್ವ ಹೊಡೆದು ಮಾತು ನಿಂತಿತು. ನೀವು ಹೋದಾಗ ಕೈ ಹಿಡಿದು ಏನೋ ಹೇಳಲು ಒದ್ದಾಡಿದರಂತೆ — ಏನೆಂದು ಕೊನೆಗೂ ತಿಳಿಯಲಿಲ್ಲ. ಇತ್ತ ಅವ್ವ ನನ್ನನ್ನು ಕೇಳಿದಳು: ಹೋಗೆಂದರೂ ಹೋಗಲಿಲ್ಲವಲ್ಲ, ಎಂಥ ಮಗಳಿವಳು? ಆ ಮಾತನ್ನು ಮಾತ್ರ ನಾನು ಯಾವ ಭಾಷೆಗೂ ತಿರುಗಿಸಲಿಲ್ಲ. ಆಮೇಲೆ ನೀವಿಬ್ಬರೂ ಒಂದೇ ಒಲೆಯ ಮುಂದೆ, ಬೇಕಾದಷ್ಟೇ ಮಾತಾಡಿಕೊಂಡು ಬದುಕಿದಿರಿ. ನೀವು ತೆಲುಗನ್ನೂ ಕಲಿತಿರಿ, ನನಗಿಂತ ಚೆನ್ನಾಗಿ. ಆ ವೇಳೆಗೆ ಒಬ್ಬರನ್ನೊಬ್ಬರು ಕೇಳುವ ಮನಸ್ಸೇ ಉಳಿದಿರಲಿಲ್ಲ.

ಅವ್ವ ತೀರಿಕೊಂಡ ಮೇಲೆ ವರ್ಷದ ಕಾರ್ಯಕ್ಕೆ ಬಂದಿದ್ದೆನಲ್ಲ, ಆಗ ಪಾತ್ರೆ ತೊಳೆಯುತ್ತಾ ಹೇಳಿದಿರಿ: "ಅತ್ತೆ ಒಳ್ಳೇರೇ ಕಣಮ್ಮ. ಅದೊಂದು ದಿನ ಕಳಿಸಿದ್ರೆ ಸಾಕಿತ್ತು." ಆಗಲೇ ಹೇಳಬೇಕಿತ್ತು. ತೊಳೆದ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ಭಾನುವಾರ ಬರುತ್ತೇನೆ. ಎದುರು ಕೂತು ಇದನ್ನೆಲ್ಲ ಬಾಯಿಂದಲೂ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಕ್ಷಮಿಸಿ ಎಂದು ಕೇಳುವುದಿಲ್ಲ. ಇಲ್ಲಿ ಬರೆಯುವಾಗಲೂ ಒಂದು ಪದ ನುಂಗಿಬಿಟ್ಟೆ, ನೋಡಿ. ಅವ್ವ ಬರೀ 'ಪೋನೀ' ಅನ್ನಲಿಲ್ಲ. "ಪೋನೀ, ಪಾಪಂ" ಅಂದಳು. ಅಷ್ಟು ಕನಿಕರದಿಂದ ಅಂದಳು, ಅತ್ತಿಗೆ. ಅದು ನಿಮಗೆ ಸೇರಬೇಕಾಗಿದ್ದ ಮಾತು.